ಕನ್ನಡ ವರ್ಡ್ ಫೈಲ್ ಪಿಡಿಎಫ್ ಮಾಡೋಕೆ ಯಾವ ಸಾಫ್ಟ್‌ವೇರ್ ಇಟ್ಕೋಬೇಕು

ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡೋನು ನಾನು. ಅಂಗಡಿಗೆ ಬರೋರು ಕೇಳೋದ್ರಲ್ಲಿ ಇದೊಂದು ಪ್ರಶ್ನೆ ಇದ್ದೇ ಇರುತ್ತೆ, "ಅಣ್ಣಾ, ವರ್ಡ್ ಫೈಲ್ ಪಿಡಿಎಫ್ ಮಾಡೋಕೆ ಯಾವ ಸಾಫ್ಟ್‌ವೇರ್ ಚೆನ್ನಾಗೈತೆ?" ತೋಳಹುಣಸೆ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡೋರು ಕೇಳ್ತಾರೆ, ವಕೀಲರ ಗುಮಾಸ್ತರು ಕೇಳ್ತಾರೆ, ಜಗಳೂರು ಹೊನ್ನಾಳಿ ಕಡೆ ಪಂಚಾಯ್ತಿ ಆಪರೇಟರ್‌ಗಳು ಕೇಳ್ತಾರೆ, ಪ್ರಶ್ನೆಪತ್ರಿಕೆ ಟೈಪ್ ಮಾಡೋ ಮೇಷ್ಟ್ರೂ ಕೇಳ್ತಾರೆ. ಯೂಟ್ಯೂಬಲ್ಲಿ ಹುಡುಕಿದ್ರೆ ಟಾಪ್ ಟೆನ್ ಅಂತ ಪಟ್ಟಿ ಬರುತ್ತೆ, ಆದ್ರೆ ಅವರೆಲ್ಲ ಇಂಗ್ಲಿಷ್ ಫೈಲ್ ಇಟ್ಕೊಂಡು ತೋರಿಸ್ತಾರೆ, ಇಂಗ್ಲಿಷ್ ಫೈಲಿಗೆ ಯಾವ ಸಾಫ್ಟ್‌ವೇರ್ ಹಾಕಿದ್ರೂ ಹೆಚ್ಚುಕಮ್ಮಿ ಒಂದೇ. ಕನ್ನಡ ಫೈಲಿಗೆ ಹಂಗಲ್ಲ. ಒತ್ತಕ್ಷರ ಸರಿಯಾಗಿ ಬಂತಾ, ಫಾಂಟು ಫೈಲಿನ ಒಳಗೇ ಕೂತ್ಕೊಂತಾ, ಅಕ್ಷರ ಅಕ್ಷರವಾಗೇ ಉಳೀತಾ ಇಲ್ಲಾ ಬರೀ ಚಿತ್ರ ಆಯ್ತಾ, ಈ ಮೂರನ್ನ ನೋಡಿ ಸಾಫ್ಟ್‌ವೇರ್ ಆರಿಸ್ಕೊಳ್ರಿ, ರೇಟು, ರೇಟಿಂಗು, ಫೀಚರ್ ಲಿಸ್ಟು ಎಲ್ಲ ಆಮೇಲೆ.

ಪಿಡಿಎಫ್ ಅಂದ್ರೆ ಏನು ಅಂತ ಸ್ವಲ್ಪ ತಿಳ್ಕೊಂಡ್ರೆ ಈ ಮೂರು ಯಾಕೆ ಅಂತ ಗೊತ್ತಾಗುತ್ತೆ. ಅಡೋಬಿ ಕಂಪನಿ 1993ರಲ್ಲಿ ಇದನ್ನ ಹೊರಗೆ ಬಿಡ್ತು, 2008ರಲ್ಲಿ ಇದು ಐಎಸ್‌ಒ ಸ್ಟ್ಯಾಂಡರ್ಡ್, ಅಂದ್ರೆ ಅಂತರರಾಷ್ಟ್ರೀಯ ಮಾನದಂಡ ಆಯ್ತು, ಯಾರು ಬೇಕಾದ್ರೂ ಆ ನಿಯಮ ನೋಡ್ಕೊಂಡು ಪಿಡಿಎಫ್ ಮಾಡೋ ಸಾಫ್ಟ್‌ವೇರ್ ಬರೀಬಹುದು, ಅದಕ್ಕೇ ಇಷ್ಟೊಂದು ಫ್ರೀ ಸಾಫ್ಟ್‌ವೇರ್ ಸಿಗೋದು. ವರ್ಡ್ ಫೈಲಲ್ಲಿ ಇರೋದು ಅಕ್ಷರಗಳು, ಮತ್ತೆ "ಇದಕ್ಕೆ ಇಂಥ ಫಾಂಟ್ ಹಾಕು" ಅನ್ನೋ ಸೂಚನೆ ಅಷ್ಟೇ. ತೆಗೆಯೋ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲಾಂದ್ರೆ ಅದು ಇನ್ಯಾವುದೋ ಫಾಂಟ್ ಹಾಕ್ಕೊಳುತ್ತೆ, ಸಾಲು ಉದ್ದ ಆಗುತ್ತೆ, ಪುಟ ಜಾಸ್ತಿ ಆಗುತ್ತೆ. ಪಿಡಿಎಫಲ್ಲಿ ಹಂಗಿಲ್ಲ, ಪುಟದ ಮೇಲೆ ಯಾವ ಆಕಾರ ಯಾವ ಜಾಗದಲ್ಲಿ ಕೂರಬೇಕು ಅಂತ ಗಟ್ಟಿಯಾಗಿ ಬರೆದಿರುತ್ತೆ, ಸರಿಯಾಗಿ ಮಾಡಿದ್ರೆ ಅದಕ್ಕೆ ಬೇಕಾದ ಫಾಂಟಿನ ಭಾಗಾನೂ ಒಳಗೇ ಇರುತ್ತೆ. ದೂರದೂರಿಗೆ ಹೊರಟೋರು ಬುತ್ತಿ ಕಟ್ಕೊಂಡು ಹೋದಂಗೆ, ಹೋದ ಕಡೆ ಏನೂ ಸಿಗದಿದ್ರೂ ನಡೆಯುತ್ತೆ. ಇದಕ್ಕೆ ಫಾಂಟ್ ಎಂಬೆಡ್ ಆಗೋದು ಅಂತಾರೆ.

ಮೊದ್ಲು ನಿಮ್ಮ ಕಂಪ್ಯೂಟರಲ್ಲಿ ಈಗಾಗ್ಲೇ ಏನೈತೆ ನೋಡ್ರಿ. ಮೈಕ್ರೋಸಾಫ್ಟ್ ವರ್ಡ್ 2010 ಅಥವಾ ಅದಕ್ಕಿಂತ ಹೊಸದು ಇದ್ರೆ ಬಹಳ ಜನಕ್ಕೆ ಬೇರೆ ಏನೂ ಬೇಕಾಗಲ್ಲ. 2007ರಲ್ಲೂ ಸರ್ವೀಸ್ ಪ್ಯಾಕ್ 2 ಹಾಕಿದ್ರೆ ಬರುತ್ತೆ. ಫೈಲ್ ಮೆನುಗೆ ಹೋಗಿ ಸೇವ್ ಆ್ಯಸ್ ಒತ್ತಿ, ಕೆಳಗೆ ಸೇವ್ ಆ್ಯಸ್ ಟೈಪ್ ಅನ್ನೋ ಕಡೆ ಪಿಡಿಎಫ್ ಆರಿಸ್ಕೊಂಡ್ರೆ ಅಲ್ಲೇ ಆಪ್ಷನ್ಸ್ ಅಂತ ಒಂದು ಬಟನ್ ಕಾಣುತ್ತೆ. ಇದನ್ನ ಯಾರೂ ಒತ್ತಲ್ಲ, ಒತ್ತಬೇಕು. ಅದರೊಳಗೆ "ಬಿಟ್‌ಮ್ಯಾಪ್ ಟೆಕ್ಸ್ಟ್ ವೆನ್ ಫಾಂಟ್ಸ್ ಮೇ ನಾಟ್ ಬಿ ಎಂಬೆಡೆಡ್" ಅಂತ ಒಂದು ಟಿಕ್ ಐತೆ. ಕೆಲವು ಫಾಂಟಿಗೆ ಮಾಡಿದೋರು ಎಂಬೆಡ್ ಮಾಡೋ ಪರ್ಮಿಷನ್ ಕೊಟ್ಟಿರಲ್ಲ, ಅಂಥಾ ಫಾಂಟ್ ಹಾಕಿದ್ರೆ ವರ್ಡ್ ಆ ಅಕ್ಷರಗಳನ್ನ ಚಿತ್ರ ಮಾಡಿ ಕೂರಿಸುತ್ತೆ. ಕಣ್ಣಿಗೆ ಸರಿಯಾಗೇ ಕಾಣುತ್ತೆ, ಆದ್ರೆ ದೊಡ್ಡದು ಮಾಡಿದ್ರೆ ಅಂಚು ಮಸುಕು ಮಸುಕು, ಹುಡುಕೋಕಾಗಲ್ಲ, ಕಾಪಿ ಆಗಲ್ಲ. ಹಂಗಾದ್ರೆ ಸಾಫ್ಟ್‌ವೇರ್ ಬದಲಾಯಿಸಬೇಡ್ರಿ, ಫಾಂಟ್ ಬದಲಾಯಿಸ್ರಿ, ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡೂ ಫ್ರೀ, ಎರಡಕ್ಕೂ ಈ ತಕರಾರಿಲ್ಲ.

ಅದೇ ಆಪ್ಷನ್ಸ್ ಒಳಗೆ "ಕ್ರಿಯೇಟ್ ಬುಕ್‌ಮಾರ್ಕ್ಸ್" ಅಂತ ಇರೋದಕ್ಕೆ ಟಿಕ್ ಹಾಕಿದ್ರೆ ಹೆಡಿಂಗ್‌ಗಳೆಲ್ಲ ಪಕ್ಕದಲ್ಲಿ ಪಟ್ಟಿಯಾಗಿ ಬರ್ತವೆ, ಇನ್ನೂರು ಮುನ್ನೂರು ಪುಟದ ಥೀಸಿಸಿಗೆ ಇದಿಲ್ದೆ ಓದೋರಿಗೆ ಬಹಳ ಕಷ್ಟ. ಹೆಡಿಂಗ್ ಅಂದ್ರೆ ಬರೀ ದಪ್ಪ ಅಕ್ಷರ ಮಾಡಿದ್ದಲ್ಲ, ಸ್ಟೈಲ್ಸಲ್ಲಿ ಹೆಡಿಂಗ್ 1, ಹೆಡಿಂಗ್ 2 ಅಂತ ಹಾಕಿರಬೇಕು. "ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್" ಅನ್ನೋ ಟಿಕ್ ತೆಗೀಬೇಡ್ರಿ, ಕಣ್ಣು ಕಾಣದೋರು ಸ್ಕ್ರೀನ್ ರೀಡರಲ್ಲಿ ಕೇಳಿಸ್ಕೊಳೋವಾಗ ಯಾವುದು ಹೆಡಿಂಗು ಯಾವುದು ಟೇಬಲ್ಲು ಅಂತ ಅದರಿಂದಲೇ ಗೊತ್ತಾಗೋದು. ಇನ್ನೊಂದು, ಗೈಡ್ ತಿದ್ದಿ ಕಳಿಸಿದ ಫೈಲಲ್ಲಿ ಕೆಂಪು ಗೆರೆ, ಪಕ್ಕದಲ್ಲಿ ಕಾಮೆಂಟ್ ಇರ್ತಾವಲ್ಲ, ಅವೂ ಪಿಡಿಎಫಲ್ಲಿ ಬಂದ್ಬಿಡ್ತವೆ, ಆಪ್ಷನ್ಸಲ್ಲಿ "ಡಾಕ್ಯುಮೆಂಟ್ ಶೋಯಿಂಗ್ ಮಾರ್ಕಪ್" ಬಿಟ್ಟು ಬರೀ "ಡಾಕ್ಯುಮೆಂಟ್" ಅಂತ ಇರೋದನ್ನ ಆರಿಸ್ರಿ.

ಇಲ್ಲೇ ಒಂದು ಗೊಂದಲ ಐತೆ. ವಿಂಡೋಸ್ 10 ಬಂದ 2015ರಿಂದ ಪ್ರಿಂಟರ್ ಪಟ್ಟಿಯಲ್ಲಿ "ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್" ಅಂತ ಒಂದು ಬರುತ್ತೆ. ಸೇವ್ ಆ್ಯಸ್ ಪಿಡಿಎಫ್, ಪ್ರಿಂಟ್ ಟು ಪಿಡಿಎಫ್ ಎರಡೂ ಒಂದೇ ಅಂತ ಬಹಳ ಜನ ಅಂದ್ಕೊಂಡಿದಾರೆ, ಅಲ್ಲ. ಪ್ರಿಂಟ್ ದಾರಿಯಲ್ಲಿ ಹೋದ್ರೆ ಲಿಂಕು ಸತ್ತೋಗ್ತವೆ, ಬುಕ್‌ಮಾರ್ಕ್ ಬರಲ್ಲ, ಸ್ಟ್ರಕ್ಚರ್ ಟ್ಯಾಗೂ ಇರಲ್ಲ, ಯಾಕಂದ್ರೆ ಪ್ರಿಂಟರಿಗೆ ಹೋಗೋದು ಬರೀ ಪುಟದ ರೂಪ. ವರ್ಡಿಂದ ಆದ್ರೆ ಯಾವಾಗ್ಲೂ ಸೇವ್ ಆ್ಯಸ್ ಮಾಡ್ರಿ. ಪ್ರಿಂಟ್ ಟು ಪಿಡಿಎಫ್ ಬೇಕಾಗೋದು ಸೇವ್ ಆ್ಯಸ್ ಪಿಡಿಎಫ್ ಅನ್ನೋದೇ ಇಲ್ಲದ ಹಳೇ ಪ್ರೋಗ್ರಾಂಗಳಿಗೆ, ಇಲ್ಲಾ ಬ್ರೌಸರಲ್ಲಿ ತೆರೆದ ಯಾವುದೋ ರಸೀದಿ ಉಳಿಸ್ಕೊಳ್ಳೋಕೆ.

ಈಗ ಪರೀಕ್ಷೆ ವಿಷಯಕ್ಕೆ ಬರೋಣ. ಯಾವ ಸಾಫ್ಟ್‌ವೇರೇ ಆಗ್ಲಿ, ಹಾಕ್ಕೊಂಡ ಕೂಡ್ಲೇ ಗಿರಾಕಿ ಫೈಲ್ ಮೇಲೆ ಪ್ರಯೋಗ ಮಾಡಬೇಡ್ರಿ, ಒಂದು ಪುಟದ ಪರೀಕ್ಷೆ ಫೈಲ್ ಮಾಡಿ ಇಟ್ಕೊಳ್ರಿ. ನಾನು ಅದರಲ್ಲಿ ನಮ್ಮ ಕಡೆ ಊರಿನ ಹೆಸರುಗಳನ್ನೇ ಹಾಕಿದೀನಿ, ಚಿತ್ರದುರ್ಗ, ಸಂತೇಬೆನ್ನೂರು, ಕೊಂಡಜ್ಜಿ, ಮೊಳಕಾಲ್ಮೂರು. ಚಿತ್ರದುರ್ಗ ಅನ್ನೋದು ಒಂದೇ ಪದದಲ್ಲಿ ತ್ರ ಒತ್ತೂ ಐತೆ, ರ್ಗ ಅರ್ಕಾವತ್ತೂ ಐತೆ, ಸಾಫ್ಟ್‌ವೇರಿಗೆ ಕನ್ನಡ ಬರುತ್ತೋ ಇಲ್ವೋ ಅಂತ ಅಲ್ಲೇ ಗೊತ್ತಾಗುತ್ತೆ. ಬರದೇ ಇದ್ರೆ ತ ಅಕ್ಷರದ ಪಕ್ಕ ಒಂದು ಗೆರೆ ಬಂದು ರ ಬೇರೆ ಕೂರುತ್ತೆ, ಅರ್ಕಾವತ್ತು ಗ ಆದ್ಮೇಲೆ ಬರೋ ಬದಲು ರ ಮುಂದೆ ಬಂದು ಗ ಕೆಳಗೆ ಇಳಿಯುತ್ತೆ. ಅದರ ಜೊತೆ ಸ್ವಾತಂತ್ರ್ಯ, ಲಕ್ಷ್ಮಿ, ರಾಷ್ಟ್ರ ಅಂತ ಮೂರು ಅಂತಸ್ತಿನ ಪದಗಳು, ಜ್ಞಾನ ಅನ್ನೋ ಪದ, ರಾಜ್‌ಕುಮಾರ್ ಅಂತ ಒತ್ತು ಬರಬಾರದ ಪದ ಒಂದು, ಕನ್ನಡ ಅಂಕಿ, ರೂಪಾಯಿ ಚಿಹ್ನೆ, ಸಣ್ಣದೊಂದು ಟೇಬಲ್, ಒಂದು ಫೋಟೋ, ಒಂದು ಲಿಂಕ್. ರಾಜ್‌ಕುಮಾರ್ ಯಾಕಂದ್ರೆ ಅಲ್ಲಿ ಜ್ ಮತ್ತೆ ಕು ನಡುವೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇರುತ್ತೆ, ಅದನ್ನ ಅರ್ಥ ಮಾಡ್ಕೊಳ್ದೆ ಇರೋ ಸಾಫ್ಟ್‌ವೇರ್ ಜಕಾರಕ್ಕೆ ಕ ಒತ್ತು ಕೊಟ್ಟುಬಿಡುತ್ತೆ, ಇಲ್ಲಾ ಅಲ್ಲೊಂದು ಚೌಕ ಡಬ್ಬಿ ಹಾಕುತ್ತೆ.

ಪಿಡಿಎಫ್ ಆದ್ಮೇಲೆ ಅದೇ ಕಂಪ್ಯೂಟರಲ್ಲಿ ನೋಡಿ ಸರಿ ಐತೆ ಅಂತ ಬಿಡಬೇಡ್ರಿ, ಅಲ್ಲಿ ಫಾಂಟ್ ಇರೋದ್ರಿಂದ ಎಲ್ಲ ಸರಿಯಾಗೇ ಕಾಣುತ್ತೆ. ವಾಟ್ಸಪಲ್ಲಿ ನಿಮ್ಮ ಫೋನಿಗೆ ಕಳಿಸ್ಕೊಂಡು ತೆಗೀರಿ. ಆಮೇಲೆ ಅಡೋಬಿ ರೀಡರಲ್ಲಿ ಕಂಟ್ರೋಲ್ ಡಿ ಒತ್ತಿ, ಫಾಂಟ್ಸ್ ಅನ್ನೋ ಟ್ಯಾಬ್ ನೋಡ್ರಿ, ಪ್ರತಿ ಫಾಂಟಿನ ಮುಂದೆ "ಎಂಬೆಡೆಡ್" ಅಥವಾ "ಎಂಬೆಡೆಡ್ ಸಬ್‌ಸೆಟ್" ಅಂತ ಇರಬೇಕು. ಸಬ್‌ಸೆಟ್ ಅಂದ್ರೆ ಪೂರ್ತಿ ಫಾಂಟ್ ಬದಲು ಫೈಲಲ್ಲಿ ಬಳಸಿರೋ ಅಕ್ಷರ ಮಾತ್ರ ಒಳಗೆ ಹೋಗಿದಾವೆ ಅಂತ, ಅದು ಒಳ್ಳೇದೇ, ಸೈಜ್ ಕಮ್ಮಿ ಆಗುತ್ತೆ. ಯಾವುದಾದ್ರೂ ಫಾಂಟಿನ ಮುಂದೆ ಏನೂ ಬರೆದಿಲ್ಲ ಅಂದ್ರೆ ಆ ಫೈಲ್ ಬೇರೆ ಕಡೆ ಕೈ ಕೊಡುತ್ತೆ.

ಕೊನೇ ಪರೀಕ್ಷೆ, ಕಂಟ್ರೋಲ್ ಎಫ್ ಒತ್ತಿ ಚಿತ್ರದುರ್ಗ ಅಂತ ಟೈಪ್ ಮಾಡಿ ಹುಡುಕ್ರಿ, ಮತ್ತೆ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡ್ರಿ. ಕನ್ನಡದಲ್ಲಿ ಇದು ಪೂರ್ತಿ ಸರಿ ಬರೋದು ಕಡಿಮೆ, ಅದಕ್ಕೆ ಕಾರಣ ಐತೆ. ಪಿಡಿಎಫ್ ಒಳಗೆ ಇರೋದು ಆಕಾರಗಳ ನಂಬರ್, ಯಾವ ಆಕಾರ ಅಂದ್ರೆ ಯಾವ ಅಕ್ಷರ ಅಂತ ಒಂದು ಪಟ್ಟಿ ಬೇರೆ ಇರುತ್ತೆ. ಇಂಗ್ಲಿಷಲ್ಲಿ ಒಂದು ಅಕ್ಷರಕ್ಕೆ ಒಂದು ಆಕಾರ, ತೊಂದ್ರೆ ಇಲ್ಲ. ನಮ್ಮಲ್ಲಿ ಕಕಾರಕ್ಕೆ ಗುಣಿತ ಸೇರಿದ್ರೆ ಒಂದು ಆಕಾರ, ಒತ್ತಿಗೆ ಇನ್ನೊಂದು ಆಕಾರ, ಅರ್ಕಾವತ್ತು ಟೈಪ್ ಮಾಡೋದು ಮೊದ್ಲು, ಕಾಣೋದು ಕೊನೆಗೆ. ಆ ಪಟ್ಟಿ ಸರಿಯಾಗಿ ಬರೀದೇ ಇರೋ ಸಾಫ್ಟ್‌ವೇರಿಂದ ಬಂದ ಪಿಡಿಎಫಲ್ಲಿ ಕಾಪಿ ಮಾಡಿದ್ರೆ ಒತ್ತುಗಳು ಮಾಯ, ದೀರ್ಘ ಎಲ್ಲೋ, ಅಕ್ಷರ ಎಲ್ಲೋ. ಎರಡು ಸಾಫ್ಟ್‌ವೇರ್ ಇಟ್ಕೊಂಡು ಹೋಲಿಸೋವಾಗ ಯಾವುದರಲ್ಲಿ ಕಾಪಿ ಕಮ್ಮಿ ಕೆಡುತ್ತೋ ಅದನ್ನೇ ಇಟ್ಕೊಳ್ರಿ.

ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಹಳೇ ರೀತಿ ಟೈಪ್ ಮಾಡಿರೋ ಫೈಲ್‌ಗಳ ಕಥೆಯೇ ಬೇರೆ, ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಜಿಲ್ಲೆಯಲ್ಲಿ ಆಫೀಸಲ್ಲೂ ಅಂಗಡಿಯಲ್ಲೂ ಇವತ್ತಿಗೂ ರಾಶಿ ರಾಶಿ ಅಂಥಾ ಫೈಲೇ ಇರೋದು. ನುಡಿ 01 ಇ ಅನ್ನೋ ಥರದ ಫಾಂಟ್‌ಗಳು ಯೂನಿಕೋಡ್ ಅಲ್ಲ, ಯೂನಿಕೋಡ್ ಅಂದ್ರೆ ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲಾ ಕಂಪ್ಯೂಟರಲ್ಲೂ ಒಂದೇ ನಂಬರ್ ಕೊಡೋ ಪದ್ಧತಿ. ಅದರಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರ ಮತ್ತೆ ಚಿಹ್ನೆಗಳು, ಮೇಲೆ ಕನ್ನಡ ಆಕಾರ ಇರೋ ಫಾಂಟ್ ಹೊದ್ದಿಸಿರೋದು. ಫಾಂಟ್ ಇಲ್ಲದ ಕಡೆ ತೆಗೆದ್ರೆ ಕನ್ನಡ ಅನ್ನೋ ಪದದಲ್ಲೇ ಪೌಂಡ್ ಗುರುತು, ತಲೆ ಮೇಲೆ ಗೆರೆ ಇರೋ ಎ, ಹಿಂಗೆ ಕಾಣುತ್ತೆ, ನೋಡಿರ್ತೀರಾ. ಇದನ್ನ ನುಡಿ ಇರೋ ಕಂಪ್ಯೂಟರಲ್ಲೇ ವರ್ಡ್ ಸೇವ್ ಆ್ಯಸಲ್ಲಿ ಪಿಡಿಎಫ್ ಮಾಡಿದ್ರೆ ಫಾಂಟ್ ಒಳಗೆ ಹೋಗಿ ಎಲ್ಲ ಕಡೆ ಸರಿಯಾಗೇ ಕಾಣುತ್ತೆ, ಪ್ರಿಂಟೂ ಚೆನ್ನಾಗೇ ಬರುತ್ತೆ. ಪ್ರಿಂಟ್ ತೆಗೆಯೋದಷ್ಟೇ ಕೆಲಸ ಅಂದ್ರೆ ಅಲ್ಲಿಗೆ ಸಾಕು. ಹುಡುಕೋಕೆ ಆಗಬೇಕು, ವೆಬ್‌ಸೈಟಿಗೆ ಹಾಕಬೇಕು, ಸ್ಕ್ರೀನ್ ರೀಡರ್ ಓದಬೇಕು ಅಂದ್ರೆ ಮಾತ್ರ ಮೊದ್ಲು ಯೂನಿಕೋಡ್ ಮಾಡಿ ಆಮೇಲೆ ಪಿಡಿಎಫ್ ಮಾಡ್ಬೇಕು, ಪಿಡಿಎಫ್ ಸಾಫ್ಟ್‌ವೇರ್ ಎಷ್ಟೇ ದುಬಾರಿ ಇದ್ರೂ ಈ ಕೆಲಸ ಅದು ಮಾಡಲ್ಲ.

ಪಿಎಚ್‌ಡಿ ಹುಡುಗಿ ಒಬ್ಬಳು ಇದೇ ಕಷ್ಟ ಹೊತ್ಕೊಂಡು ಬಂದಿದ್ಲು, ಜಾನಪದದ ಮೇಲೆ ಥೀಸಿಸ್, ಪೂರ್ತಿ ನುಡಿಯಲ್ಲಿ ಟೈಪ್ ಆಗಿತ್ತು. ಥೀಸಿಸ್‌ಗಳು ಈಗ ಶೋಧಗಂಗಾ ಅನ್ನೋ ರಾಷ್ಟ್ರಮಟ್ಟದ ಭಂಡಾರಕ್ಕೆ ಹೋಗ್ತವೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸೋದು ಅದನ್ನ, ಅಲ್ಲಿಗೆ ಪಿಡಿಎಫ್ ಕೊಡಬೇಕು. "ಸರ್, ಪಿಡಿಎಫ್ ಆಗಿದೆ, ಆದ್ರೆ ಅದರೊಳಗೆ ಒಂದು ಪದಾನೂ ಹುಡುಕೋಕೆ ಆಗ್ತಿಲ್ಲ" ಅಂದ್ಲು. ನುಡಿ ಜೊತೆಗೇ ಕನ್ವರ್ಟರ್ ಬರುತ್ತೆ, ಅದರಲ್ಲಿ ಒಂದೊಂದೇ ಅಧ್ಯಾಯ ಯೂನಿಕೋಡ್ ಮಾಡಿದ್ವಿ. ಕನ್ವರ್ಟ್ ಮಾಡೋವಾಗ ಹುಷಾರಾಗಿರಬೇಕಾದ ಜಾಗ ಯಾವುದು ಅಂದ್ರೆ ನಡುವೆ ಬರೋ ಇಂಗ್ಲಿಷ್, ಕನ್ವರ್ಟರ್ ಬರೀ ಅಕ್ಷರ ನೋಡುತ್ತೆ ಅಂದ್ರೆ ಇಂಗ್ಲಿಷ್ ಪುಸ್ತಕದ ಹೆಸರು, ಇಮೇಲು, ವೆಬ್ ವಿಳಾಸ ಎಲ್ಲಾನೂ ಕನ್ನಡ ಅಂದ್ಕೊಂಡು ಅರ್ಥ ಇಲ್ಲದ ಅಕ್ಷರ ಮಾಡುತ್ತೆ. ಅವಳ ಗ್ರಂಥಸೂಚಿ ಪೂರ್ತಿ ಹಂಗೇ ಆಯ್ತು, ಆ ಭಾಗನ ಹಳೇ ಫೈಲಿಂದ ತಂದು ಮತ್ತೆ ಕೂರಿಸಿದ್ವಿ. ಅರ್ಕಾವತ್ತು ಇರೋ ಪದಗಳನ್ನೂ ಒಂದ್ಸಲ ಕಣ್ಣಾಡಿಸಬೇಕು. ಯೂನಿಕೋಡಿಗೆ ಬಂದ್ಮೇಲೆ ಸಾಲಿನ ಅಳತೆ ಬದಲಾಗಿ ಪುಟ ಸಂಖ್ಯೆನೂ ಬದಲಾಗುತ್ತೆ, ಪರಿವಿಡಿ ಮತ್ತೆ ಅಪ್‌ಡೇಟ್ ಮಾಡಿ ಆಮೇಲೆ ಪಿಡಿಎಫ್ ಮಾಡ್ರಿ. ಇಷ್ಟೆಲ್ಲ ಕಷ್ಟ ಯಾಕೆ ಅಂದ್ರೆ ನಾಳೆ ಇನ್ಯಾರೋ ಒಬ್ಬರು ಅದೇ ವಿಷಯ ಹುಡುಕೋವಾಗ ಇವಳ ಕೆಲಸ ಅವರಿಗೆ ಸಿಗಬೇಕು, ಅಷ್ಟು ವರ್ಷ ಹಳ್ಳಿ ಹಳ್ಳಿ ತಿರುಗಿ ಹಾಡು ಕಲೆ ಹಾಕಿರೋದು ಹುಡುಕೋಕೇ ಆಗದ ಫೈಲಲ್ಲಿ ಮುಚ್ಚಿಹೋಗಬಾರದು.

ವರ್ಡ್ ಇಲ್ಲದೋರು, ಇಲ್ಲಾ ಲೈಸೆನ್ಸ್ ತಗೊಳೋಕೆ ದುಡ್ಡಿಲ್ಲ ಅನ್ನೋರು ಕಳ್ಳ ಕಾಪಿ ಹಾಕ್ಕೊಳೋ ಬದಲು ಲಿಬ್ರೆಆಫೀಸ್ ಹಾಕ್ಕೊಳ್ರಿ, ಪೂರ್ತಿ ಫ್ರೀ, ವಿಂಡೋಸಿಗೂ ಸಿಗುತ್ತೆ ಲಿನಕ್ಸಿಗೂ ಸಿಗುತ್ತೆ. 2017ರಲ್ಲಿ ಬಂದ 5.3 ವರ್ಷನ್ನಿಂದ ಅಕ್ಷರ ಜೋಡಿಸೋ ಕೆಲಸಕ್ಕೆ ಎಲ್ಲಾ ಕಡೆ ಹಾರ್ಫ್‌ಬಝ್ ಅನ್ನೋ ಒಂದೇ ಎಂಜಿನ್ ಬಳಸ್ತಾರೆ, ಹಾಗಾಗಿ ವಿಂಡೋಸಲ್ಲೂ ಲಿನಕ್ಸಲ್ಲೂ ಕನ್ನಡ ಒಂದೇ ಥರ ಬರುತ್ತೆ. ಅದರಲ್ಲಿ ಕನ್ನಡಕ್ಕೆ ಫಾಂಟ್ ಬೇರೆಯಾಗಿ ಆರಿಸಬೇಕು, ಟೂಲ್ಸ್ ಒಳಗೆ ಆಪ್ಷನ್ಸಿಗೆ ಹೋಗಿ ಲ್ಯಾಂಗ್ವೇಜ್ ಸೆಟ್ಟಿಂಗಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿದ್ರೆ ಕ್ಯಾರೆಕ್ಟರ್ ಡೈಲಾಗಲ್ಲಿ ಕನ್ನಡದ ಜಾಗ ಕಾಣುತ್ತೆ, ಇದು ಗೊತ್ತಿಲ್ದೆ "ಫಾಂಟ್ ಬದಲಾಯಿಸಿದ್ರೂ ಬದಲಾಗ್ತಿಲ್ಲ" ಅಂತ ಬಿಟ್ಟುಹೋದೋರು ಬಹಳ ಜನ. ಪಿಡಿಎಫ್ ಮಾಡೋಕೆ ಟೂಲ್‌ಬಾರಲ್ಲಿರೋ ಐಕಾನ್ ಒತ್ತಿದ್ರೆ ಸೀದಾ ಆಗುತ್ತೆ, ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆ್ಯಸ್ ಮೂಲಕ ಹೋದ್ರೆ ಪಾಸ್‌ವರ್ಡು, ಬುಕ್‌ಮಾರ್ಕು, ಟ್ಯಾಗು, ಫೋಟೋ ಗುಣಮಟ್ಟ, ಪಿಡಿಎಫ್‌/ಎ (ಇದೇನು ಅಂತ ಮುಂದೆ ಹೇಳ್ತೀನಿ) ಎಲ್ಲಾ ಕೈಯಲ್ಲೇ ಸಿಗುತ್ತೆ. ನನ್ನ ಪ್ರಕಾರ ಇಷ್ಟು ಹಿಡಿತ ಕೊಡೋ ಫ್ರೀ ಸಾಫ್ಟ್‌ವೇರ್ ಇನ್ನೊಂದಿಲ್ಲ. ನೂರಾರು ಫೈಲ್ ಒಟ್ಟಿಗೆ ಮಾಡೋದಿದ್ರೂ ಕಮಾಂಡ್ ಲೈನಲ್ಲಿ ಹೆಡ್‌ಲೆಸ್ ಮೋಡ್ ಅಂತ ಐತೆ, ಅಂದ್ರೆ ವಿಂಡೋ ತೆರೀದೇನೇ ಕೆಲಸ ಮಾಡೋದು, ಒಂದೇ ಕಮಾಂಡಿಗೆ ಫೋಲ್ಡರ್ ಪೂರ್ತಿ ಪಿಡಿಎಫ್ ಆಗುತ್ತೆ.

ಆದ್ರೆ ಒಂದು ಮಾತು, ವರ್ಡಲ್ಲಿ ಮಾಡಿದ ಫೈಲ್ನ ಲಿಬ್ರೆಆಫೀಸಲ್ಲಿ ತೆಗೆದು ಕಣ್ಮುಚ್ಚಿ ಪಿಡಿಎಫ್ ಮಾಡಬೇಡ್ರಿ. ಟೇಬಲ್ ಅಳತೆ, ಟೆಕ್ಸ್ಟ್ ಬಾಕ್ಸು, ಪುಟ ಮುರಿಯೋ ಜಾಗ ಆಚೀಚೆ ಆಗುತ್ತೆ. ಫೈಲ್ ಯಾವುದರಲ್ಲಿ ಹುಟ್ಟಿತೋ ಪಿಡಿಎಫೂ ಅದರಲ್ಲೇ ಮಾಡೋದು ಕ್ಷೇಮ. ವರ್ಡಲ್ಲೂ ಇದೇ ಥರ ಒಂದು ಐತೆ, ಹಳೇ ವಿಂಡೋಸಲ್ಲಿ ಕನ್ನಡಕ್ಕೆ ತುಂಗಾ ಫಾಂಟ್ ಬರ್ತಿತ್ತು, ವಿಂಡೋಸ್ 10ರಲ್ಲಿ ಅದು ತಾನಾಗೇ ಇರಲ್ಲ, ಆಪ್ಷನಲ್ ಫೀಚರಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿದ್ರೆ ಬರುತ್ತೆ. ತುಂಗಾದಲ್ಲಿ ಟೈಪ್ ಮಾಡಿದ ಹಳೇ ಅರ್ಜಿಯನ್ನ ಹೊಸ ಕಂಪ್ಯೂಟರಲ್ಲಿ ಪಿಡಿಎಫ್ ಮಾಡಿದ್ರೆ ಪುಟ ಹೆಚ್ಚೋದು ಇದಕ್ಕೇನೇ.

ಪುಟ ಅಂದಾಗ ಪೇಪರ್ ಸೈಜು ನೆನಪಾಯ್ತು. ವರ್ಡಲ್ಲಿ ಬಹಳ ಸಲ ಲೆಟರ್ ಸೈಜ್ ಇಟ್ಕೊಂಡೇ ಫೈಲ್ ಶುರು ಆಗಿರುತ್ತೆ, ಅದು ಎಂಟೂವರೆ ಬೈ ಹನ್ನೊಂದು ಇಂಚು, ನಮ್ಮ ಎ4 ಹಾಳೆ 210 ಬೈ 297 ಮಿಲಿಮೀಟರ್, ಎ4 ಅಗಲ ಸ್ವಲ್ಪ ಕಮ್ಮಿ, ಉದ್ದ ಹೆಚ್ಚು. ಕೋರ್ಟ್ ಕೆಲಸದೋರು ಲೀಗಲ್ ಸೈಜಲ್ಲಿ ಟೈಪ್ ಮಾಡಿರ್ತಾರೆ, ಹದಿನಾಲ್ಕು ಇಂಚು ಉದ್ದ. ಪ್ರಿಂಟ್ ದಾರಿಯಲ್ಲಿ ಪಿಡಿಎಫ್ ಮಾಡಿದ್ರೆ ಆ ವರ್ಚುವಲ್ ಪ್ರಿಂಟರಿಗೆ, ಅಂದ್ರೆ ಹಾಳೆ ಬದಲು ಪಿಡಿಎಫ್ ಫೈಲ್ ಕೊಡೋ ಪ್ರಿಂಟರಿಗೆ, ಅದರದ್ದೇ ಒಂದು ಪೇಪರ್ ಸೈಜ್ ಇರುತ್ತೆ, ಎರಡೂ ಹೊಂದದಿದ್ರೆ ಅಕ್ಷರ ಕುಗ್ಗಿ ಕೂರುತ್ತೆ ಇಲ್ಲಾ ಕೊನೇ ಸಾಲು ಮುಂದಿನ ಪುಟಕ್ಕೆ ಹೋಗುತ್ತೆ. ಒಬ್ಬ ವಕೀಲರ ಗುಮಾಸ್ತರು ದಾವಾ ಪ್ರತಿ ತಂದಿದ್ರು, ಯಾವುದೋ ಅಂಗಡಿಯಲ್ಲಿ ಪಿಡಿಎಫ್ ಮಾಡಿಸಿದ್ದು, ಸತ್ಯಾಪನೆ ಪೂರ್ತಿ ಒಂದು ಪುಟದಲ್ಲಿ, ಸಹಿ ಮಾಡೋ ಜಾಗ ಮಾತ್ರ ಇನ್ನೊಂದು ಖಾಲಿ ಪುಟದಲ್ಲಿ ಒಂಟಿಯಾಗಿ ಕೂತಿತ್ತು. ಇ-ಫೈಲಿಂಗಿಗೆ ಹಂಗೆ ಕೊಡೋಕಾಗುತ್ತಾ. ಲೇಔಟ್ ಮೆನುವಲ್ಲಿ ಸೈಜ್ ಎ4 ಮಾಡಿ, ಮಾರ್ಜಿನ್ ಸರಿ ಮಾಡಿ, ಪುಟಗಳನ್ನ ಒಂದ್ಸಲ ನೋಡಿ, ಆಮೇಲೆ ಸೇವ್ ಆ್ಯಸಲ್ಲೇ ಪಿಡಿಎಫ್ ಮಾಡ್ಕೊಟ್ಟೆ. ಕೋರ್ಟಿಗೆ ಕೊಡೋ ಪಿಡಿಎಫ್ ಒಳಗೆ ಪದ ಹುಡುಕೋಕೆ ಬರಬೇಕು, ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡೋ ಪದ್ಧತಿ ಐತಲ್ಲ ಅದನ್ನ ದಯವಿಟ್ಟು ಬಿಡ್ರಿ, ಸಹಿ ಇರೋ ಪುಟ ಮಾತ್ರ ಸ್ಕ್ಯಾನ್ ಮಾಡಿ ಸೇರಿಸಿದ್ರೆ ಸಾಕು. ಸೇರಿಸೋಕೆ ಪಿಡಿಎಫ್‌ಸ್ಯಾಮ್ ಬೇಸಿಕ್ ಅಂತ ಫ್ರೀ ಸಾಫ್ಟ್‌ವೇರ್ ಐತೆ, ಇಂಟರ್ನೆಟ್ ಬೇಡ, ಪುಟ ಸೇರಿಸುತ್ತೆ, ಬಿಡಿಸುತ್ತೆ.

ಪಿಡಿಎಫ್‌/ಎ ಅಂದೆನಲ್ಲ, ಅದು ಬಹಳ ವರ್ಷ ಕಾಪಾಡಬೇಕಾದ ದಾಖಲೆಗೆ ಅಂತ 2005ರಲ್ಲಿ ಬಂದ ಐಎಸ್‌ಒ 19005 ಸ್ಟ್ಯಾಂಡರ್ಡ್, ಫಾಂಟ್ ಕಡ್ಡಾಯವಾಗಿ ಒಳಗೇ ಇರಬೇಕು, ಪಾಸ್‌ವರ್ಡ್ ಹಾಕಂಗಿಲ್ಲ. ಕರಾರು ಪತ್ರ, ಥೀಸಿಸ್, ಸಂಘದ ದಾಖಲೆ ಇಂಥದ್ದಕ್ಕೆ ಇದನ್ನೇ ಆರಿಸ್ರಿ.

ಫೋನಲ್ಲಿ ಮಾಡೋರಿಗೆ ಗೂಗಲ್ ಡಾಕ್ಸ್ ಸಾಕು, ಯೂನಿಕೋಡ್ ಫೈಲಾದ್ರೆ ಚೆನ್ನಾಗೇ ಬರುತ್ತೆ, ನುಡಿ ಫೈಲ್ ಅಲ್ಲಿ ಹಾಕಲೇಬೇಡ್ರಿ, ಆ ಫಾಂಟ್ ಅದರಲ್ಲಿ ಇಲ್ಲ. ಕಂಪ್ಯೂಟರಿನ ಬ್ರೌಸರಲ್ಲಾದ್ರೆ ಫೈಲ್ ಮೆನುವಲ್ಲಿ ಡೌನ್‌ಲೋಡ್ ಒತ್ತಿ ಪಿಡಿಎಫ್ ಆರಿಸೋದು, ಅಷ್ಟೇ. ಬೇರೆ ಕೆಲವು ಆ್ಯಪಲ್ಲಿ ಫ್ರೀ ವರ್ಷನ್ ಪುಟದ ಕೆಳಗೆ ತಮ್ಮ ಹೆಸರಿನ ವಾಟರ್‌ಮಾರ್ಕ್ ಹಾಕ್ತವೆ, ಅರ್ಜಿ ಕಳಿಸೋಕೆ ಮುಂಚೆ ನೋಡ್ಕೊಳ್ರಿ.

ಆನ್‌ಲೈನ್ ಕನ್ವರ್ಟರ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಐಲವ್‌ಪಿಡಿಎಫ್, ಸ್ಮಾಲ್‌ಪಿಡಿಎಫ್ ಥರದ ಸೈಟ್‌ಗಳು ಕೆಲಸ ಮಾಡ್ತವೆ, ಇಲ್ಲ ಅನ್ನಲ್ಲ, ಆದ್ರೆ ನೀವು ಅಪ್‌ಲೋಡ್ ಮಾಡಿದ ಫೈಲ್ ನಿಮ್ಮ ಕೈಬಿಟ್ಟು ಬೇರೆಯವರ ಸರ್ವರಿಗೆ ಹೋಗುತ್ತೆ. ಕಾಲೇಜ್ ಅಸೈನ್‌ಮೆಂಟ್ ಆದ್ರೆ ಹೋಗ್ಲಿ ಬಿಡಿ. ಆಧಾರ್ ನಂಬರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆ ರಿಪೋರ್ಟ್, ವಿಚ್ಛೇದನದ ಅರ್ಜಿ ಇಂಥವನ್ನ ಹಾಕೋದು ಸರಿಯಲ್ಲ, ಅದರಲ್ಲೂ ನಮ್ಮಂಥ ಅಂಗಡಿಯೋರು ನಂಬಿ ಬಂದವರ ಕಾಗದನ ಅವರಿಗೆ ಹೇಳದೆ ಎಲ್ಲಿಗೋ ಕಳಿಸಬಾರದು. ಒಂದು ಕ್ಲಿಕ್ಕಲ್ಲಿ ನಮ್ಮ ಕಂಪ್ಯೂಟರಲ್ಲೇ ಆಗೋ ಕೆಲಸ ಇದು. ಇನ್ನೂ ಒಂದು, ಕನ್ವರ್ಟ್ ಮಾಡೋ ಸರ್ವರಲ್ಲಿ ನಿಮ್ಮ ಕನ್ನಡ ಫಾಂಟ್ ಇರುತ್ತೆ ಅಂತ ಏನ್ ಗ್ಯಾರಂಟಿ.

ಗುಟ್ಟಿನ ವಿಷಯ ಬಂದಾಗ ಇದನ್ನೂ ಹೇಳ್ಬಿಡ್ತೀನಿ. ಆಧಾರ್ ನಂಬರ್ ಕಾಣಬಾರದು ಅಂತ ವರ್ಡಲ್ಲಿ ಅದರ ಮೇಲೆ ಕಪ್ಪು ಬಾಕ್ಸ್ ಎಳೆದು ಪಿಡಿಎಫ್ ಮಾಡ್ತಾರೆ. ಬಾಕ್ಸ್ ಕೆಳಗಿನ ನಂಬರ್ ಫೈಲಲ್ಲಿ ಹಂಗೇ ಇರುತ್ತೆ, ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಬರುತ್ತೆ, ಕಪ್ಪು ಹೈಲೈಟ್ ಹಾಕಿದ್ರೂ ಅಷ್ಟೇ. ನಂಬರೇ ಅಳಿಸಿ ಅಲ್ಲಿ ಎಕ್ಸ್ ಎಕ್ಸ್ ಅಂತ ಟೈಪ್ ಮಾಡಿ ಆಮೇಲೆ ಪಿಡಿಎಫ್ ಮಾಡ್ರಿ. ಫೈಲ್ ಪ್ರಾಪರ್ಟೀಸಲ್ಲಿ ಟೈಟಲ್, ಆಥರ್ ಅಂತ ಹಳೇ ಹೆಸರುಗಳೂ ಇರ್ತವೆ, ಬೇರೆಯವರ ಬಯೋಡೇಟಾ ತಿದ್ದಿ ಮಾಡಿದ ಫೈಲಲ್ಲಿ ಅವರ ಹೆಸರೇ ಉಳಿದಿರುತ್ತೆ, ಕೆಲಸಕ್ಕೆ ಕಳಿಸೋಕೆ ಮುಂಚೆ ಅದನ್ನ ಅಳಿಸ್ರಿ.

ಇನ್ನು ಡೂಪಿಡಿಎಫ್, ಕ್ಯೂಟ್‌ಪಿಡಿಎಫ್, ಪಿಡಿಎಫ್‌ಕ್ರಿಯೇಟರ್ ಥರದ ವರ್ಚುವಲ್ ಪ್ರಿಂಟರ್‌ಗಳು. ವಿಂಡೋಸ್ 7 ಇರೋ ಹಳೇ ಕಂಪ್ಯೂಟರಲ್ಲಿ ಇವು ಬೇಕಾಗ್ತವೆ, ಅದರಲ್ಲಿ ಪ್ರಿಂಟ್ ಟು ಪಿಡಿಎಫ್ ಇಲ್ಲ. ಈಗಿನ ಹೊಸ ಲಿಬ್ರೆಆಫೀಸೂ ವಿಂಡೋಸ್ 7ರಲ್ಲಿ ಓಡಲ್ಲ, ಹಳೇ ವರ್ಷನ್ ಹುಡುಕಬೇಕು. ಪ್ರಿಂಟರ್ ದಾರಿಯಲ್ಲಿ ಬಂದ ಕನ್ನಡ ಪಿಡಿಎಫಲ್ಲಿ ಹುಡುಕೋದು ಬಹಳ ಸಲ ಕೈ ಕೊಡುತ್ತೆ, ಪ್ರಿಂಟಿಗೆ ಮಾತ್ರ ಅಂದ್ರೆ ಪರವಾಗಿಲ್ಲ. ಡೌನ್‌ಲೋಡ್ ಮಾಡೋದು ಆ ಕಂಪನಿಯದ್ದೇ ಸೈಟಿಂದ ಆಗ್ಲಿ, ಇನ್‌ಸ್ಟಾಲ್ ಮಾಡೋವಾಗ ನೆಕ್ಸ್ಟ್ ನೆಕ್ಸ್ಟ್ ಒತ್ಕೊಂಡು ಹೋಗಬೇಡ್ರಿ, ಬೇಡದ ಟೂಲ್‌ಬಾರ್ ಜೊತೆಗೆ ಬರೋ ಟಿಕ್ ಇದ್ರೆ ತೆಗೀರಿ.

ಸೈಜ್ ಕಡಿಮೆ ಮಾಡೋದು ಎಲ್ಲರಿಗೂ ತಲೆನೋವು, ಪೋರ್ಟಲಲ್ಲಿ ಇಷ್ಟು ಕೆಬಿ ಒಳಗೆ ಅಂತ ಹಾಕಿರ್ತಾರೆ. ಪಿಡಿಎಫ್ ಆದ್ಮೇಲೆ ಹಿಂಡೋ ಬದಲು ವರ್ಡಲ್ಲೇ ಫೋಟೋ ಸಣ್ಣದು ಮಾಡ್ರಿ, ಅಕ್ಷರಕ್ಕೆ ಸೈಜ್ ಬಹಳ ಕಮ್ಮಿ, ತೂಕ ಇರೋದೆಲ್ಲ ಫೋಟೋದ್ದೇ. ಫೋಟೋ ಮೇಲೆ ಕ್ಲಿಕ್ ಮಾಡಿ ಕಂಪ್ರೆಸ್ ಪಿಕ್ಚರ್ಸಿಗೆ ಹೋಗಿ 150 ಪಿಪಿಐ ಕೊಟ್ರೆ ಸ್ಕ್ರೀನಲ್ಲಿ ಓದೋಕೆ ಸಾಕು, ಆಮೇಲೆ ಸೇವ್ ಆ್ಯಸಲ್ಲಿ ಮಿನಿಮಮ್ ಸೈಜ್ ಆರಿಸ್ರಿ. ಡಿಜಿಟಲ್ ಸಹಿ ಆಗಿರೋ ಪಿಡಿಎಫ್ನ ಮಾತ್ರ ಯಾವ ಕಾರಣಕ್ಕೂ ಕಂಪ್ರೆಸ್ ಮಾಡಬೇಡ್ರಿ, ಸಹಿ ಕೆಟ್ಟುಹೋಗುತ್ತೆ.

ದುಡ್ಡು ಕೊಟ್ಟು ಅಕ್ರೋಬ್ಯಾಟ್ ಪ್ರೊ ತಗೊಳ್ಬೇಕಾ ಅಂತ ಅಂಗಡಿ ಇಟ್ಕೊಂಡಿರೋ ಗೆಳೆಯರು ಕೇಳ್ತಾರೆ. ವರ್ಡಿಂದ ಪಿಡಿಎಫ್ ಮಾಡೋದಷ್ಟಕ್ಕೇ ಅಂದ್ರೆ ಬೇಡ. ತುಂಬೋ ಫಾರಂ ಮಾಡೋದು, ಗುಟ್ಟಿನ ಮಾಹಿತಿನ ಬುಡಸಮೇತ ತೆಗೆಯೋದು, ಪ್ರೆಸ್ಸಿಗೆ ಕೊಡೋ ಮುಂಚೆ ಬಣ್ಣ ಫಾಂಟ್ ಪರೀಕ್ಷೆ ಮಾಡೋದು, ಇವು ದಿನಾ ಇದ್ರೆ ಮಾತ್ರ. ಮದುವೆ ಕಾರ್ಡು, ಜಾತ್ರೆ ಪಾಂಪ್ಲೆಟ್ ಆಫ್‌ಸೆಟ್ಟಿಗೆ ಹೋಗೋದಿದ್ರೆ ವರ್ಡ್ ಕೊಡೋದು ಆರ್‌ಜಿಬಿ ಬಣ್ಣ, ಅಂದ್ರೆ ಸ್ಕ್ರೀನಿನ ಕೆಂಪು ಹಸಿರು ನೀಲಿ, ಪ್ರೆಸ್ಸಿಗೆ ಬೇಕಾಗೋದು ಸಿಎಂವೈಕೆ, ಅಂದ್ರೆ ಅಚ್ಚಿನ ನಾಲ್ಕು ಶಾಯಿ ಬಣ್ಣ, ಸಾದಾ ಕಪ್ಪು ಅಕ್ಷರಾನೂ ನಾಲ್ಕು ಬಣ್ಣದಲ್ಲಿ ಒಡೆದು ಅಂಚು ಮಸುಕಾಗಬಹುದು, ಪ್ರೆಸ್ಸಿನೋರ ಹತ್ರ ಮೊದ್ಲೇ ಮಾತಾಡ್ಕೊಳ್ರಿ.

ಪಿಡಿಎಫ್ ಆಯ್ತು ಅಂತ ವರ್ಡ್ ಫೈಲ್ ಡಿಲೀಟ್ ಮಾಡಬೇಡ್ರಿ. ಪಿಡಿಎಫಿಂದ ವಾಪಸ್ ವರ್ಡ್ ಮಾಡೋದು ಇಂಗ್ಲಿಷಲ್ಲಿ ಹೆಂಗೋ ಆಗುತ್ತೆ, ಕನ್ನಡದಲ್ಲಿ ಒತ್ತಕ್ಷರ ಕೆಟ್ಟು ಮತ್ತೆ ಟೈಪ್ ಮಾಡೋದೇ ಸುಲಭ ಅನ್ನಿಸುತ್ತೆ. ಎರಡು ಫೈಲ್ ಇಟ್ಕೊಳೋದು ಕಷ್ಟ ಅನ್ನೋರು ಲಿಬ್ರೆಆಫೀಸಲ್ಲೇ ಕೆಲಸ ಮಾಡೋದಾದ್ರೆ ಎಕ್ಸ್‌ಪೋರ್ಟ್ ಡೈಲಾಗಲ್ಲಿ "ಹೈಬ್ರಿಡ್ ಪಿಡಿಎಫ್" ಅನ್ನೋ ಟಿಕ್ ಹಾಕ್ರಿ, ಪಿಡಿಎಫ್ ಒಳಗೇ ಮೂಲ ಫೈಲೂ ಸೇರಿರುತ್ತೆ, ಬೇರೆಯವರು ತೆಗೆದ್ರೆ ಸಾದಾ ಪಿಡಿಎಫ್, ನೀವು ಲಿಬ್ರೆಆಫೀಸಲ್ಲಿ ತೆಗೆದ್ರೆ ತಿದ್ದೋಕೆ ಬರುತ್ತೆ. ಬೇರೆಯವರಿಗೆ ಕಳಿಸೋ ಪ್ರತಿಗೆ ಮಾತ್ರ ಆ ಟಿಕ್ ತೆಗೆದು ಇನ್ನೊಂದ್ಸಲ ಎಕ್ಸ್‌ಪೋರ್ಟ್ ಮಾಡ್ರಿ, ಮೂಲ ಫೈಲ್ ಅವರ ಕೈಗೆ ಹೋಗೋದು ಬೇಡ.